ಸತ್ತದ್ದು ಯಂತ್ರವೋ, ನಮ್ಮ ಕೈಯೋ?

ವಾರಕ್ಕೆರಡು ಸಲ ಹಾನಗಲ್ಲಿನ ನಮ್ಮ ಓಣಿಗೆ ಗುಜರಿ ಗಾಡಿ ಬರುತ್ತದೆ. ಮೊದಲು ಗಾಡಿಯವನೇ ಕೂಗುತ್ತಿದ್ದ. ಈಗ ಅವನ ಪರವಾಗಿ ಧ್ವನಿವರ್ಧಕ ಕೂಗುತ್ತದೆ: ಹಳೇ ಕಬ್ಬಿಣ, ಹಳೇ ಪೇಪರು, ಹಳೇ ಬ್ಯಾಟರಿ, ಹಳೇ ಟೀವಿ, ಹಳೇ ಕಂಪ್ಯೂಟರು! ಈ ಯಾದಿಯ ಕೊನೆಗೆ ಕಂಪ್ಯೂಟರು ಯಾವಾಗ ಸೇರಿಕೊಂಡಿತೋ ನನಗೆ ನೆನಪಿಲ್ಲ, ನಿಮಗೂ ಇರಲಿಕ್ಕಿಲ್ಲ. ಬಂದ ದಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಬರಮಾಡಿಕೊಂಡ ವಸ್ತುವು ಕೆಲವೇ ವರುಷಗಳಲ್ಲಿ ತಕ್ಕಡಿಗೆ ಏರಿ ಹೋಗುವದು ನಮಗೆ ಸೋಜಿಗವೆನಿಸುವದಿಲ್ಲ. ಗಾಡಿಯವನ ಮೇಲೆ ನನ್ನ ದೂರಿಲ್ಲ, ಅವನದು ಹೊಟ್ಟೆಪಾಡು. ನನ್ನ ಜಗಳವಿರುವದು ಬಾಗಿಲು ತೆಗೆದು ಅವನನ್ನು ಕರೆಯುವ ಓದುಬಲ್ಲ ಜನರೊಡನೆ. ಎಂದರೆ ನಿಮ್ಮೊಡನೆ, ಮತ್ತು ನನ್ನೊಡನೆಯೂ.

ಜಗಳದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. "ಅದು ಹೋಗಿದೆ" ಎಂಬ ಮಾತನ್ನು ನಾವು ಬಹಳ ಅಗ್ಗ ಮಾಡಿಕೊಂಡಿದ್ದೇವೆ. ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ. ಅಷ್ಟಕ್ಕೇ ಯಂತ್ರ ಸತ್ತಿತೆಂದು ತೀರ್ಪು. ವೈದ್ಯನೊಬ್ಬ ನಾಡಿ ಹಿಡಿದು ನೋಡದೆ ಮರಣಪತ್ರ ಬರೆದುಕೊಟ್ಟರೆ ನಾವು ಅವನನ್ನು ಕೋರ್ಟಿಗೆ ಎಳೆಯುತ್ತೇವೆ. ಒಂದು ಸ್ಕ್ರೂವನ್ನೂ ಸಡಿಲಿಸದೆ ಯಂತ್ರದ ಮರಣಪತ್ರ ಬರೆಯುವವನಿಗೆ ಮಾತ್ರ ಕೈಮುಗಿದು ಫೀ ಕೊಟ್ಟು ಬರುತ್ತೇವೆ. ಹೀಗೆ ಸತ್ತವೆಂದು ಸಾರಲ್ಪಟ್ಟ ಹಳೆಯ ಕಂಪ್ಯೂಟರುಗಳಲ್ಲಿ ಎಷ್ಟೋ ಸತ್ತಿರುವದೇ ಇಲ್ಲ. ಅವಕ್ಕೆ ವಿದ್ಯುತ್ತು ಉಣಿಸುವ ತಗಡಿನ ಡಬ್ಬಿಯೊಂದು ಕೆಟ್ಟಿರುತ್ತದೆ. ಪವರ್ ಸಪ್ಲೈ ಎಂದೋ, ಅಂಗಡಿಯವರ ಮಾತಿನಲ್ಲಿ ಎಸ್‌ಎಂಪಿಎಸ್ ಎಂದೋ ಅದರ ಹೆಸರು. ಆ ಡಬ್ಬಿಯೊಳಗೂ ಕೆಟ್ಟಿರುವದು ಅನೇಕ ಸಲ ಒಂದು ತಟ್ಟೆ ಇಡ್ಲಿಯ ಬೆಲೆಯೂ ಇಲ್ಲದ ಒಂದು ಕಂಡೆನ್ಸರು. ಇದು ನಾನು ಕಣ್ಣಾರೆ ಕಂಡ ಮಾತು. ಕಂಡದ್ದನ್ನು ಹೇಳುತ್ತೇನೆ, ಕೇಳಿರಿ.

ನನಗೆ ಒಬ್ಬ ಗೆಳೆಯರಿದ್ದರು. ಪ್ರಾಥಮಿಕ ಶಾಲೆಯ ಮಾಸ್ತರರು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು, ಇದೆಲ್ಲ ಧಾರವಾಡ ಜಿಲ್ಲೆಯೇ ಆಗಿದ್ದ ಕಾಲದಲ್ಲಿ, ಅವರು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕೂ ತಾಲೂಕುಗಳಲ್ಲಿ ವರ್ಗವಾಗಿ ತಿರುಗಿದರು. ಶಾಲೆ ಬಿಟ್ಟ ಮೇಲೆ ಹೊಲದ ಬದುವಿನ ಮೇಲೆ ಕುಳಿತು ಒಕ್ಕಲಿಗರ ಬಾಯಿಂದ ಶಬ್ದಗಳನ್ನು ಬರೆದುಕೊಳ್ಳುವದು ಅವರ ಹುಚ್ಚು. ರಂಟೆ, ಕುಂಟೆ, ಕೂರಿಗೆಗಳ ಒಂದೊಂದು ಭಾಗಕ್ಕೂ ಇರುವ ಹೆಸರು, ಕಣದ ಮೇಟಿಯ ಸುತ್ತಲಿನ ಮಾತು, ಕಾಳು ತುಂಬುವ ಹಗೇವಿನ ಮಾತು, ಹಾನಗಲ್ಲಿನ ಕೆರೆಯ ತೂಬು ಕೋಡಿಗಳ ಮಾತು, ಸವಣೂರಿನ ಎಲೆಬಳ್ಳಿ ತೋಟದಲ್ಲಿ ಮಾತ್ರ ಕೇಳಬಹುದಾದ ಮಾತು. ಒಂದೇ ವಸ್ತುವಿಗೆ ಶಿಗ್ಗಾಂವಿಯಲ್ಲಿ ಒಂದು ಹೆಸರು, ಹಿರೇಕೆರೂರಿನಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆದು, ಯಾವ ಊರಿನಲ್ಲಿ ಎಷ್ಟು ವಯಸ್ಸಿನವರು ಹೇಳಿದರೆಂಬುದನ್ನೂ ಬರೆಯುತ್ತಿದ್ದರು. ವಿಶ್ವವಿದ್ಯಾಲಯದವರು ಮಾಡುವ ಕೆಲಸವನ್ನು ಒಬ್ಬ ಕನ್ನಡ ಶಾಲೆಯ ಮಾಸ್ತರರು ಸಂಬಳದ ಹಣದಲ್ಲಿ ಸೈಕಲ್ಲು ತುಳಿದು ಮಾಡಿದರು.

1993ರ ಸುಮಾರಿಗೆ ಅವರು ಹರಾಜಿನಲ್ಲಿ ಒಂದು ಹಳೆಯ ಎಕ್ಸ್‌ಟಿ ಮಾದರಿಯ ಕಂಪ್ಯೂಟರನ್ನು ಕೊಂಡು ತಂದರು. ಅದರಲ್ಲಿ 20 ಮೆಗಾಬೈಟಿನ ಒಂದು ಡಿಸ್ಕು ಮತ್ತು ಜಿಸ್ಟ್ ಎಂಬ ಕಾರ್ಡು ಇದ್ದವು. ಈ ಜಿಸ್ಟ್ ಎಂಬುದು ನಮ್ಮ ದೇಶದವರು ಹೆಮ್ಮೆ ಪಡಬೇಕಾದ ವಸ್ತು. ಕಾನಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಈ ಕಾರ್ಡನ್ನು ಒಳಗೆ ಸೇರಿಸಿದರೆ, ಇಂಗ್ಲಿಷ್ ಬಿಟ್ಟು ಬೇರೆ ಅರಿಯದ ಯಂತ್ರವು ಕನ್ನಡ ಅಕ್ಷರಗಳನ್ನು ಪರದೆಯ ಮೇಲೆ ಬರೆಯುತ್ತಿತ್ತು. ಅದೇ ಬರೆಹವನ್ನು ತೆಲುಗಿನಲ್ಲೋ ದೇವನಾಗರಿಯಲ್ಲೋ ತೋರಿಸೆಂದರೆ ತೋರಿಸುತ್ತಿತ್ತು. ಏಕೆಂದರೆ ಭಾರತದ ಲಿಪಿಗಳಿಗೆಲ್ಲ ಒಂದೇ ಸಂಕೇತಾವಳಿಯನ್ನು ಅದು ಬಳಸುತ್ತಿತ್ತು. ಇಸ್ಕಿ ಎಂಬ ಆ ಸಂಕೇತಾವಳಿಗೆ 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆಯೂ ಬಿತ್ತು. ಗೆಳೆಯರು ಎರಡು ಬೆರಳಿನಿಂದ ಕುಟ್ಟಿ ಕುಟ್ಟಿ ತಮ್ಮ ನೋಟುಬುಕ್ಕುಗಳನ್ನೆಲ್ಲ ಅದರಲ್ಲಿ ತುಂಬಿದರು. ನೋಟುಬುಕ್ಕುಗಳನ್ನು ಮುಂದೆ ಗೆದ್ದಲು ತಿಂದಿತು. ಯಂತ್ರ ಒಂದು ದಿನ ಸುಮ್ಮನಾಯಿತು. ಕೆಲವು ವರುಷಗಳ ಹಿಂದೆ ಅವರೂ ಸುಮ್ಮನಾದರು.

ಮನೆ ಖಾಲಿ ಮಾಡಲು ಬಂದ ಮಗ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಗೆ ಹಾಕುವವನಿದ್ದ. ನಾನು ತಡೆದೆ. "ಕಾಕಾ, ಅದು ಡೆಡ್ ಆಗೇದ. ನಿಮಗ ಬೇಕಂದ್ರ ಹೊಸಾದೊಂದು ಲ್ಯಾಪ್‌ಟಾಪ್ ಕಳಸ್ತೀನಿ" ಎಂದ. ಹುಡುಗ ಒಳ್ಳೆಯವನು, ಇಂಜಿನಿಯರು. ತಂದೆಯ ಮೇಲೆ ಪ್ರೀತಿಯೂ ಇತ್ತು. ಆದರೆ ತಂದೆಯ ಮೂವತ್ತು ವರುಷದ ಕೆಲಸ ಆ ತಗಡಿನೊಳಗೆ ಇದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ನಾನು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ದೊಡ್ಡ ಶಹರದ ಒಂದು ದುರಸ್ತಿ ಅಂಗಡಿಗೆ ಒಯ್ದೆ. ಅಲ್ಲಿಯ ತರುಣ ಅದನ್ನು ಮುಟ್ಟಲೂ ಇಲ್ಲ. "ಇದಕ್ಕೆ ಪಾರ್ಟ್ ಸಿಗಲ್ಲ ಸರ್, ಮ್ಯೂಸಿಯಮ್ಮಿಗೆ ಕೊಡಿ" ಎಂದು ನಕ್ಕು, ನೋಡಿದ್ದಕ್ಕೆ ಹಣ ತೆಗೆದುಕೊಂಡ.

ಮರಳಿ ಬಂದವನು ಹಾನಗಲ್ಲಿನಲ್ಲೇ ಒಂದು ಮೋಟಾರು ವೈಂಡಿಂಗ್ ಅಂಗಡಿಗೆ ಹೋದೆ. ಬೇಸಿಗೆ; ಕರೆಂಟು ಏರಿಳಿದು ಸುಟ್ಟ ಪಂಪ್‌ಸೆಟ್ಟುಗಳು ಅಂಗಡಿಯ ಮುಂದೆ ಸಾಲುಗಟ್ಟಿದ್ದವು. ಮಿಸ್ತ್ರಿಗೆ ಅರವತ್ತು ದಾಟಿದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಕಂಪ್ಯೂಟರಿನ ಗುಂಡಿ ಒತ್ತಿಸಿ ಕಿವಿಗೊಟ್ಟು ಕೇಳಿ ಹೇಳಿದರು: "ಮಾಸ್ತರ, ಫ್ಯಾನ್ ಒಂದ್ ಸಲ ಅಳ್ಳಾಡಿತು ನೋಡ್ರಿ. ಜೀವ ಐತಿ ಇದರಾಗ. ಪೂರಾ ಸತ್ತದ್ದು ಅಳ್ಳಾಡಂಗಿಲ್ಲ." ನಾನು ಕಂಪ್ಯೂಟರು ನಿಮಗೆ ಗೊತ್ತೇ ಎಂದೆ. "ಕಂಪ್ಯೂಟರ್ ಗೊತ್ತಿಲ್ಲ ಖರೆ. ಕರೆಂಟ್ ಗೊತ್ತೈತಿ. ಇದರಾಗೂ ಬರೋದು ಅದ ಕರೆಂಟ್ ಅಲ್ಲೇನ್ರಿ?"

ಈ ಒಂದು ಪ್ರಶ್ನೆಯನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಗೋಡೆಯ ಮೇಲೆ ಬರೆಯಿಸಬೇಕು.

ಡಬ್ಬಿ ಬಿಚ್ಚಿದೆವು. ಒಳಗೆ ಬೆರಳು ದಪ್ಪ ಧೂಳು, ಒಣಗಿದ ಒಂದು ಹಲ್ಲಿ, ಅದರ ಎರಡು ತತ್ತಿ. ಫ್ಯೂಸು ಗಟ್ಟಿಯಾಗಿಯೇ ಇತ್ತು. ಆಗ ನಾನು ವಿಜ್ಞಾನ ಕಲಿಸಿದವನ ಜಂಬದಿಂದ ಡಬ್ಬಿಯ ಕೆಲಸವನ್ನು ವಿವರಿಸಿದೆ. ಗೋಡೆಯಿಂದ ಬರುವ 230 ವೋಲ್ಟಿನ ಓಲಾಡುವ ವಿದ್ಯುತ್ತನ್ನು ಮೊದಲು ನೇರ ಮಾಡಿ ಎರಡು ದೊಡ್ಡ ಕಂಡೆನ್ಸರುಗಳಲ್ಲಿ ಸುಮಾರು 325 ವೋಲ್ಟಾಗಿ ತುಂಬಿಡುತ್ತದೆ. ಎರಡು ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಕಳಿಸುತ್ತವೆ. ಆಚೆಯ ಬದಿಯಿಂದ 5 ಮತ್ತು 12 ವೋಲ್ಟುಗಳು ಹೊರಡುತ್ತವೆ. ಎಲ್ಲ ಸರಿಯಿದೆ ಎಂದು ಒಂದು ತಂತಿಯ ಮೂಲಕ ಸುದ್ದಿ ಬರುವವರೆಗೆ ಕಂಪ್ಯೂಟರು ಏಳುವದೇ ಇಲ್ಲ. ಮಿಸ್ತ್ರಿ ಇದನ್ನೆಲ್ಲ ಕೇಳಿ, ಮೊದಲು ಮಾಡಬೇಕಾದ ಕೆಲಸವನ್ನು ನನಗೆ ನೆನಪಿಸಿದರು: ಪ್ಲಗ್ಗು ಕಿತ್ತರೂ ಆ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಒಂದು ಬಲ್ಬಿನ ತಂತಿ ಮುಟ್ಟಿಸಿ ಅದನ್ನು ಇಳಿಸಿ, ಮೀಟರು ಹಿಡಿದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಕೈ ಹಾಕಿದರು.

ರೋಗ ಸಿಕ್ಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನೊಳಗೆ ಒದ್ದೆ ಕಾಗದವಿರುತ್ತದೆ. ವರುಷಗಟ್ಟಲೆ ಬಿಸಿಯಲ್ಲಿದ್ದು ಅದು ಒಣಗುತ್ತದೆ. ಒಣಗಿದರೆ ಕೆಲಸ ನಿಲ್ಲುತ್ತದೆ. ಟ್ರಾನ್ಸಿಸ್ಟರುಗಳನ್ನು ತಟ್ಟಿ ಎಬ್ಬಿಸುವ ದಾರಿಯಲ್ಲಿದ್ದ ಎರಡು ಸಣ್ಣ ಕಂಡೆನ್ಸರುಗಳು, ಒಂದೊಂದೂ ಕಡಲೆಕಾಳಿಗಿಂತ ತುಸು ದೊಡ್ಡವು, ಪೂರ್ತಿ ಒಣಗಿದ್ದವು. 5 ವೋಲ್ಟಿನ ಬದಿಯಲ್ಲಿ ಎರಡರ ತಲೆ ಉಬ್ಬಿತ್ತು. ಕರೆಂಟು ಒಳಬರುವ ಬಾಯಲ್ಲಿದ್ದ ಕಾಗದದ ಕಂಡೆನ್ಸರಿನ ಮೈ ಬಿರುಕು ಬಿಟ್ಟಿತ್ತು. ಐದನ್ನೂ ಬದಲಿಸಿದೆವು. ಹಳೆಯ ಟೀವಿ ರಿಪೇರಿ ಅಂಗಡಿಯೊಂದರಲ್ಲಿ ಎಲ್ಲವೂ ಸಿಕ್ಕವು; ಒಟ್ಟು ಖರ್ಚು ನೂರು ರೂಪಾಯಿಯೂ ಆಗಲಿಲ್ಲ. "ಪಾರ್ಟ್ ಸಿಗಲ್ಲ" ಎಂದದ್ದು ಯಾವ ಪಾರ್ಟಿನ ಮಾತೋ ದೇವರೇ ಬಲ್ಲ.

ಮೊದಲ ಸಲ ಚಾಲೂ ಮಾಡುವಾಗ ಮಿಸ್ತ್ರಿ ಪಂಪಿಗೆ ಮಾಡುವಂತೆಯೇ ಮಾಡಿದರು: ಸೀರೀಸಿನಲ್ಲಿ ಒಂದು ಬಲ್ಬು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಕರೆಂಟನ್ನು ತಡೆಯುತ್ತದೆ, ಯಂತ್ರ ಸುಡುವದಿಲ್ಲ. ಇದಕ್ಕೆ ಇಂದಿನ ಎಲ್‌ಇಡಿ ನಡೆಯುವದಿಲ್ಲ, ತಂತಿಯ ಹಳೇ ಬಲ್ಬೇ ಬೇಕು. ಅದನ್ನವರು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದರು. ಹೊರೆಯಿಲ್ಲದೆ ಈ ಡಬ್ಬಿ ನಡೆಯದೆಂದು 5 ವೋಲ್ಟಿಗೆ ಒಂದು ಹಳೇ ಮೋಟಾರ್ ಸೈಕಲ್ಲಿನ 6 ವೋಲ್ಟಿನ ಬಲ್ಬು ಕಟ್ಟಿದೆವು. ಸೀರೀಸ್ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಫ್ಯಾನು ತಿರುಗಿತು. ಮೀಟರು 5 ಮತ್ತು 12ರ ಹತ್ತಿರ ನಿಂತಿತು. ಮಿಸ್ತ್ರಿ ಬೀಡಿ ಹಚ್ಚಿದರು.

ಈಗ ನಿಮ್ಮ ಆಕ್ಷೇಪಗಳಿಗೆ ಬರುತ್ತೇನೆ. ತಿಳಿದವರು ಕೇಳುವ ಮೊದಲ ಪ್ರಶ್ನೆ: ಡಿಸ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದಿತ್ತಲ್ಲ? ಇತ್ತೀಚಿನ ಡಿಸ್ಕಾಗಿದ್ದರೆ ಓದಬಹುದಿತ್ತು. ಆ ಕಾಲದ ಡಿಸ್ಕುಗಳು ಹಾಗಲ್ಲ. 34 ಮತ್ತು 20 ತಂತಿಗಳ ಎರಡು ಪಟ್ಟಿಗಳಿಂದ ಅವು ತಮ್ಮ ಕಂಟ್ರೋಲರ್ ಕಾರ್ಡಿಗೆ ಅಂಟಿಕೊಂಡಿರುತ್ತವೆ. ಇಂದಿನ ಅಡಾಪ್ಟರುಗಳಿಗೆ ಆ ಭಾಷೆ ಬಾರದು. ಬೇರೆ ಕಂಪನಿಯ ಕಾರ್ಡು ಕೂಡ ಅನೇಕ ಸಲ ಅದನ್ನು ಓದಲಾರದು. ಅಂಥ ಡಿಸ್ಕಿಗೆ ಬೇಕಾದ ವಿಶೇಷ ಉಪಕರಣ ತರಿಸುವದಕ್ಕಿಂತ ಅದರದೇ ಯಂತ್ರ ಎಬ್ಬಿಸುವದು ಸುಲಭ.

ಎರಡನೆಯ ಆಕ್ಷೇಪ: ಅದು ಅಪಾಯದ ಕೆಲಸ. ಅಹುದು, ಅಪಾಯದ್ದೇ. ಅರಿಯದವರು ಆ ಡಬ್ಬಿಯನ್ನು ಬಿಚ್ಚಕೂಡದೆಂದು ನಾನೂ ಹೇಳುತ್ತೇನೆ. ಆದರೆ ಅರಿತವರು ಇದ್ದಾರಲ್ಲ! ನಮ್ಮ ನಾಲ್ಕು ತಾಲೂಕುಗಳಲ್ಲಿ ಸುಟ್ಟ ಪಂಪ್‌ಸೆಟ್ಟನ್ನು ಗುಜರಿಗೆ ಹಾಕುವ ರೈತನನ್ನು ನಾನು ಕಂಡಿಲ್ಲ. ಅದು ವೈಂಡಿಂಗಿಗೆ ಹೋಗುತ್ತದೆ, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಮರುದಿನ ನೀರೆತ್ತುತ್ತದೆ. ರಂಟೆಯ ಕುಳ ಸವೆದರೆ ಕಮ್ಮಾರನ ಕುಲುಮೆಗೆ ಹೋಗುತ್ತದೆ. ಹೊಲದಲ್ಲಿ ನಡೆಯುವ ಈ ನ್ಯಾಯ ಓದುವ ಕೋಣೆಯಲ್ಲಿ ಏಕೆ ನಡೆಯುವದಿಲ್ಲ? ಕಾರಣ ಇಷ್ಟೇ: ಪಂಪು ನಿಂತರೆ ಬೆಳೆ ಒಣಗುವದು ರೈತನಿಗೆ ಕಾಣುತ್ತದೆ, ಕಂಪ್ಯೂಟರು ನಿಂತರೆ ಏನು ಒಣಗಿತೆಂಬುದು ನಮಗೆ ಕಾಣುವದಿಲ್ಲ.

ಮೂರನೆಯದು: ಹಳೆಯದನ್ನು ಹಿಡಿದು ಕೂತರೆ ಪ್ರಗತಿ ಹೇಗೆ? ಪ್ರಗತಿಯ ಮಾತು ಬಂದಿತೆಂದು ಹೇಳುತ್ತೇನೆ. ಐಬಿಎಂ ಕಂಪನಿಯು 1980ರ ದಶಕದಲ್ಲಿ ತನ್ನ ಪಿಸಿಗಾಗಿ ಅಚ್ಚು ಹಾಕಿ ಮಾರುತ್ತಿದ್ದ ತಾಂತ್ರಿಕ ಕೈಪಿಡಿಯಲ್ಲಿ ಯಂತ್ರದ ಮಂಡಲ ನಕ್ಷೆಗಳೂ ಇದ್ದವು. ಇಂದು ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಎಷ್ಟನ್ನೋ ಅಂಟು ಹಾಕಿ ಮುಚ್ಚಿ ಕಳಿಸುತ್ತಾರೆ. ಇದರಲ್ಲಿ ಮುಂದೆ ಹೋದವರು ಯಾರು, ಹಿಂದೆ ಬಂದವರು ಯಾರು? 2022ರ ಒಂದೇ ವರುಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಲೆಕ್ಕಕ್ಕೆ ಸಿಕ್ಕು ಸರಿಯಾಗಿ ವಿಲೇವಾರಿಯಾದದ್ದು ಅದರಲ್ಲಿ ಕಾಲುಪಾಲೂ ಅಲ್ಲ. ನಮ್ಮ ಸರಕಾರವೂ ಸುಮ್ಮನೆ ಕೂತಿಲ್ಲ. ಈ ಕಸದ ಬಗ್ಗೆ 2016ರಲ್ಲೂ ಮತ್ತೆ 2022ರಲ್ಲೂ ನಿಯಮ ಮಾಡಿತು. ದುರಸ್ತಿಯ ಹಕ್ಕಿಗಾಗಿ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಆ ಹಕ್ಕನ್ನು ಚಲಾಯಿಸುವ ಕೈ ಬೇಕು, ಆ ಕೈಗೆ ಮರ್ಯಾದೆ ಬೇಕು.

ಮರ್ಯಾದೆ ಎಂದೆ. ಇಂಗ್ಲಂಡಿನ ಬ್ಲೆಚ್ಲಿ ಪಾರ್ಕಿನ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ 1980ರ ದಶಕದ ಬಿಬಿಸಿ ಮೈಕ್ರೋ ಯಂತ್ರಗಳು ಇಂದಿಗೂ ಮಕ್ಕಳ ಕೈಯಲ್ಲಿ ನಡೆಯುತ್ತವೆ. ಆ ಯಂತ್ರದ ಪವರ್ ಸಪ್ಲೈಗೂ ಅದೇ ರೋಗ: ಬಾಯಲ್ಲಿರುವ ಕಾಗದದ ಕಂಡೆನ್ಸರು ಬಿರಿದು ಹೊಗೆ ಕಾರುತ್ತದೆ. ಅಲ್ಲಿಯ ಹವ್ಯಾಸಿಗಳು ಅದನ್ನು ಬದಲಿಸುವದನ್ನು ಒಂದು ವ್ರತದಂತೆ ನಡೆಸಿದ್ದಾರೆ. ಅದೇ ಬಿಬಿಸಿ ಮೈಕ್ರೋಗಳನ್ನು 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಹಂಚಿದ್ದರು. ಅವುಗಳಲ್ಲಿ ಒಂದನ್ನಾದರೂ ನಡೆಯುತ್ತಿರುವದನ್ನು ನಾನು ಕಂಡಿಲ್ಲ. ಒಂದೇ ಯಂತ್ರ, ಒಂದೇ ಕಂಡೆನ್ಸರು. ಅಲ್ಲಿ ದುರಸ್ತಿ, ಇಲ್ಲಿ ತಕ್ಕಡಿ.

ನಾವು ಹಳೆಯದನ್ನು ಗೌರವಿಸುವದಿಲ್ಲವೆಂದಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಂಬ ಬಿರುಕು ಬಿಟ್ಟರೆ ಕೆಡವಿರೆಂದು ಯಾರೂ ಅನ್ನುವದಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು, ಶಿಶುನಾಳದ ಶರೀಫ ಸಾಹೇಬರು, ಹಿರೇಕೆರೂರ ಸೀಮೆಯ ಸರ್ವಜ್ಞ, ಇವರ ಹೆಸರಿನಲ್ಲಿ ನಾವು ಉತ್ಸವ ಮಾಡುತ್ತೇವೆ. ಆದರೆ ಅವರ ಮಾತು ನಮಗೆ ದಕ್ಕಿದ್ದು ಹೇಗೆ? ಒಂದು ಬಾಯಿ ನಿಲ್ಲುವ ಮುಂಚೆ ಇನ್ನೊಂದು ಬಾಯಿ ಕಲಿತಿತು. ಹುಳ ತಿಂದ ಗರಿಯನ್ನು ಯಾರೋ ಹೆಸರಿಲ್ಲದವರು ಹೊಸ ಗರಿಗೆ ಇಳಿಸಿದರು. ಅದೂ ದುರಸ್ತಿಯೇ. ಓಲೆಗರಿಗೆ ಹುಳ ಹಿಡಿದರೆ ಅಳುವ ನಾವು ಡಿಸ್ಕಿಗೆ ಹಿಡಿದ ತುಕ್ಕನ್ನು ಕಣ್ಣೆತ್ತಿಯೂ ನೋಡುವದಿಲ್ಲ.

ಗೆಳೆಯರ ಯಂತ್ರ ಎದ್ದಿತು. ಡಿಸ್ಕು ಕೀರಲು ದನಿ ತೆಗೆದು ತಿರುಗಿತು. ಹಸಿರು ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದಾಗ ಮಿಸ್ತ್ರಿ ಕಣ್ಣು ಹತ್ತಿರ ತಂದು ಓದಿ, "ಹಗೇವು ಅಂತ ಬರದೈತಿ! ನಮ್ಮ ಮುತ್ಯಾನ ಮನ್ಯಾಗ ಇತ್ತು ಬಿಡ್ರಿ" ಎಂದರು. ಹಿಂದಿನ ಸೀರಿಯಲ್ ಕಿಂಡಿಗೆ ತಂತಿ ಕಟ್ಟಿ ಒಂದೊಂದೇ ಕಡತವನ್ನು ಮಗನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಅವನು ಬೆಂಗಳೂರಿನಿಂದ ಅದಕ್ಕಾಗಿಯೇ ಬಂದಿದ್ದ. ಇಸ್ಕಿಯಿಂದ ಯುನಿಕೋಡಿಗೆ ದಾಟಿಸುವದು ಕಷ್ಟವಾಗಲಿಲ್ಲ, ಏಕೆಂದರೆ ಯುನಿಕೋಡಿನ ಕನ್ನಡದ ಅಕ್ಷರಕ್ರಮ ಇಸ್ಕಿಯ ಅಡಿಪಾಯದ ಮೇಲೆಯೇ ನಿಂತಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳ ಶಬ್ದಗಳು ಬಂದವು. ಹಿರೇಕೆರೂರಿನ ಕಡತ ಮಾತ್ರ ಬರಲಿಲ್ಲ. ಡಿಸ್ಕಿನ ಆ ಭಾಗ ಕೆಟ್ಟಿತ್ತು. ಎಷ್ಟು ಸಲ ಯತ್ನಿಸಿದರೂ ಯಂತ್ರ ಓದಲಾರೆನೆಂದಿತು. ಆ ಶಬ್ದಗಳನ್ನು ಹೇಳಿದ ಮುದುಕರು ಈಗಿಲ್ಲ. ಬರೆದುಕೊಂಡ ಮಾಸ್ತರರಿಲ್ಲ. ಐದು ವರುಷ ಮೊದಲು ಆ ಡಬ್ಬಿಯನ್ನು ಬಿಚ್ಚಿದ್ದರೆ ಬಹುಶಃ ಅವೂ ದಕ್ಕುತ್ತಿದ್ದವು. ಮಗ ಏನೂ ಮಾತಾಡದೆ ಅಂಗಳಕ್ಕೆ ಹೋಗಿ ನಿಂತ. ನಾನು ಅವನನ್ನು ಬೈಯಲಿಲ್ಲ, ಬೈಯುವ ಅಧಿಕಾರ ನನಗಿಲ್ಲ. 2006ರಲ್ಲಿ ನಾನೂ ನನ್ನ ಹಳೆಯ ಕಂಪ್ಯೂಟರನ್ನು ಬಿಚ್ಚಿ ನೋಡದೆ ಇದೇ ಗಾಡಿಗೆ ತೂಕಕ್ಕೆ ಹಾಕಿದ್ದೆ. ಅದರಲ್ಲಿ ನಮ್ಮ ಶಾಲೆಯ ಹುಡುಗರು ಹತ್ತು ವರುಷ ಬರೆದ ಕೈಬರೆಹ ಪತ್ರಿಕೆಯ ಪ್ರತಿಗಳಿದ್ದವು. ಬಂದ ಹಣದಲ್ಲಿ ಒಂದು ಚೀಲ ಜೋಳ ಕೂಡ ಬರಲಿಲ್ಲ.

ಆದ್ದರಿಂದ ನನ್ನ ಆಗ್ರಹಗಳು ಮೂರೇ. ಒಂದು, ಶಾಲೆ, ಸಂಘ, ಅಚ್ಚುಕೂಟ, ಮನೆ, ಎಲ್ಲೇ ಇರಲಿ, ಹಳೆಯ ಯಂತ್ರವನ್ನು ಅದರಲ್ಲೇನಿದೆ ಎಂದು ನೋಡದೆ ಯಾರೂ ತೂಕಕ್ಕೆ ಹಾಕಕೂಡದು. ಎರಡು, ತಾಲೂಕಿನ ಐಟಿಐಗಳಲ್ಲಿ ಹುಡುಗರಿಗೆ ಡಬ್ಬಿ ಬದಲಿಸುವದನ್ನಷ್ಟೇ ಕಲಿಸದೆ ಡಬ್ಬಿಯೊಳಗಿನದನ್ನು ಕಲಿಸಬೇಕು. ಕಲಿಸಲು ವೈಂಡಿಂಗ್ ಅಂಗಡಿಯ ಮಿಸ್ತ್ರಿಗಳನ್ನು ಕುರ್ಚಿ ಕೊಟ್ಟು ಕರೆಯಬೇಕು. ಮೂರು, ತಾಲೂಕಿನ ಗ್ರಂಥಾಲಯದಲ್ಲಿ ಒಂದು ಮೇಜು, ಒಂದು ಮೀಟರು, ಒಂದು ಸೋಲ್ಡರಿಂಗ್ ಕಡ್ಡಿ ಇರಬೇಕು. ಪುಸ್ತಕಕ್ಕೆ ರಟ್ಟು ಕಟ್ಟಿಸುವವರು ಇಷ್ಟನ್ನು ಮಾಡಲಾರರೇ?

ಕೆಲಸ ಮುಗಿದ ಮೇಲೆ ಮಿಸ್ತ್ರಿಗೆ ಎಷ್ಟು ಕೊಡಬೇಕೆಂದೆ. ಒಂದು ಪಂಪಿನ ವೈಂಡಿಂಗಿಗಿಂತ ಕಡಿಮೆ ಹೇಳಿದರು. ಬಿಚ್ಚದೆಯೇ ಸತ್ತಿತೆಂದು ಹೇಳಿದ್ದಕ್ಕೆ ನಾನು ಶಹರದಲ್ಲಿ ತೆತ್ತದ್ದು ನೆನಪಾಗಿ ನಾಚಿಕೆಯಾಯಿತು. ಅದರ ಇಮ್ಮಡಿ ಕೊಟ್ಟು ಬಂದೆ. ನಾಳೆ ಗಾಡಿಯ ಧ್ವನಿವರ್ಧಕ ನಿಮ್ಮ ಓಣಿಯಲ್ಲೂ ಕೂಗೀತು. ಬಾಗಿಲು ತೆಗೆಯುವ ಮುಂಚೆ, ಮಹನೀಯರೇ, ನಿಮ್ಮೂರಿನಲ್ಲಿ ಕರೆಂಟು ಬಲ್ಲವರು ಯಾರಿದ್ದಾರೆಂದು ಒಮ್ಮೆ ವಿಚಾರಿಸಿರಿ.